ಬಾಯ್ಲರಿನ ಒಳಗಿಂದ ಬಂದ ಉತ್ತರ

ಬಸ್ ನಿಲ್ದಾಣದ ಕಬ್ಬಿಣದ ಬೆಂಚಿನ ಒಂದು ತುದಿಯಲ್ಲಿ ನಾನು ಕೂತಿದ್ದೆ. ಇನ್ನೊಂದು ತುದಿಯಲ್ಲಿ ಒಬ್ಬ ಹುಡುಗಿ ಮತ್ತು ಅವಳ ಶಾಲೆಯ ಟೀಚರು. ಬಾಯ್ಲರ್ ರಿಪೇರಿ ಕಲಿಯಲು ಅವಳನ್ನು ವರ್ಕ್‌ಶಾಪಿಗೆ ಸೇರಿಸಿದವರು ಅವರೇ ಅಂತೆ. ಈ ಮುದುಕನ ಕಿವಿಗೆ ಏನು ಕೇಳೀತು ಎಂದು ಅವರು ದನಿ ತಗ್ಗಿಸಲಿಲ್ಲ.

"ಮೊದಲನೇ ವಾರಕ್ಕೇ ಮುಖ ಬಾಡಿದೆಯಲ್ಲೇ. ಏನು ಕೆಲಸ ಕೊಟ್ಟಿದಾರೆ?"

"ತಟ್ಟೋದು ಟೀಚರ್. ಬಾಯ್ಲರ್ ಒಳಗೆ ರಿಪೇರಿಗೆ ಜನ ಇಳಿದಾಗ ನಾನು ಹೊರಗಿಂದ ಸುತ್ತಿಗೇಲಿ ತಟ್ಟಬೇಕು. ಅವರೂ ಅಷ್ಟೇ ಸಲ ತಟ್ಟಿದ್ರೆ ಚೆನ್ನಾಗಿದಾರೆ ಅಂತ."

"ಅದರಲ್ಲಿ ಹೆದರೋದೇನು?"

"ನಿನ್ನೆ ಎಲ್ಲರೂ ಹೊರಗೆ ಬಂದು ಕೈ ತೊಳೀತಿದ್ರು. ನಾನು ಸುಮ್ಮನೆ ತಟ್ಟಿದೆ. ಉತ್ತರ ಬಂತು."

"ಬಿಸಿಲಿಗೆ ಕಾದ ಕಬ್ಬಿಣ ಆರೋವಾಗ ಟಕ್ ಅನ್ನತ್ತೆ ಕಣೇ. ಒಲೆ ಮೇಲಿನ ಪಾತ್ರೇನೂ ಗೊಣಗತ್ತೆ, ಅದಕ್ಕೆ ಅಡುಗೆ ಬಿಡ್ತೀವಾ?"

"ಎರಡು ತಟ್ಟಿದ್ರೆ ಎರಡು. ನಾಲ್ಕು ತಟ್ಟಿದ್ರೆ ನಾಲ್ಕು."

"ಮೇಸ್ತ್ರಿಗೆ ಹೇಳಿದ್ಯಾ?"

"ಹೇಳಿದೆ. ಅವರು ನಗಲಿಲ್ಲ. ಉತ್ತರ ಬರ್ತಿರೋವರೆಗೂ ತಟ್ಟೋರು ಜಾಗ ಬಿಡಬಾರದಮ್ಮಾ ಅಂದ್ರು. ಕತ್ತಲಾಗೋವರೆಗೂ ಜೊತೇಲಿ ಕೂತ್ರು. ಆಮೇಲೆ ನನ್ನ ಕಿವಿ ಮುಚ್ಚಿಸಿ ಆಚೆ ಕರ್ಕೊಂಡು ಬಂದು ಬೀಗ ಹಾಕಿದ್ರು."

"ಸಾಕು ಬಿಡು ತಾಯಿ. ಹೊಲಿಗೆ ಕೆಲಸಕ್ಕೆ ಹಾಕಿಸ್ತೀನಿ."

"ಬಿಡ್ತೀನಿ ಅಂತ ಹೇಳೋಕೆ ಬಂದಿದ್ದಲ್ಲ ಟೀಚರ್. ಇವತ್ತು ರಜೆ. ಅಲ್ಲಿ ಯಾರು ತಟ್ತಾರೆ?"

"ಬೀಗ ಹಾಕಿರತ್ತಲ್ಲೇ."

"ಆಚೆಯಿಂದ ಬಾಗಿಲಿಗೆ ತಟ್ಟಿದ್ರೂ ಕೇಳಿಸತ್ತೆ. ಬೆಳಿಗ್ಗೆ ತಟ್ಟಿ ನೋಡಿದೆ."

ಬಸ್ಸು ಬಂತು. ಟೀಚರು ಹತ್ತಲಿಲ್ಲ. ಹುಡುಗಿಯ ಕೈ ಹಿಡಿದುಕೊಂಡು ವರ್ಕ್‌ಶಾಪಿನ ಕಡೆಗೆ ರಸ್ತೆ ದಾಟಿದರು.

ನಾನು ಊರುಗೋಲನ್ನು ಬೆಂಚಿನ ಕಬ್ಬಿಣಕ್ಕೆ ಟಕ್ ಎಂದು ತಾಗದಂತೆ ಮೆಲ್ಲಗೆ ಎತ್ತಿ ತೊಡೆಯ ಮೇಲಿಟ್ಟುಕೊಂಡೆ.