ಹಗೇವಿಗೆ ಮೊದಲ ಕಂದೀಲ ಬಿಡಬೇಕು

...ಅಲ್ಲವಾ ಗೌರಿ, ನೀ ಸಾಲಿಗೆ ಟೀಚರ್ ಆಗಿ ಇನ್ನ ಎರಡ ತಿಂಗಳ ಆಗಿಲ್ಲ, ಆಗಲೇ 'ಈ ಹುಡುಗ್ರು ದಡ್ಡ ಅದಾವಜ್ಜಿ, ಬಾಯೇ ತಗಿಯೂದಿಲ್ಲ' ಅಂತೀಯಲ್ಲ, ನಾನೂ ಹಂಗ ಅಂದಾಕಿನ ನೋಡು. ನನ್ನ ಮೊದಲನೇ ನೌಕರಿ, ನೇಸರಗಿಯೊಳಗ ಬಸ್ಸ ಇಳದು ಅರ್ಧ ತಾಸು, ಅಲ್ಲ, ಅರ್ಧ ತಾಸೆಲ್ಲಿ ಬಂತು, ಪೂರಾ ಒಂದ ತಾಸು ನಡಕೋತ ಹೋಗಬೇಕಾಗಿತ್ತ. ಒಂದ ಖೋಲಿ, ಅದರಾಗ ಒಂದನೇದರಿಂದ ನಾಕನೇ ಇಯತ್ತೆ ತನಕ ಎಲ್ಲಾ ಹುಡುಗ್ರು. ವಿಜ್ಞಾನದ ಸಾಮಾನು ಅಂದ್ರ ಒಂದ ಮೇಣಬತ್ತಿ, ಒಂದ ಗಾಜಿನ ಗ್ಲಾಸು, ಅದೂ ನಮ್ಮ ಮನೀದು. ಬತ್ತಿ ಹಚ್ಚಿ ಮ್ಯಾಲೆ ಗ್ಲಾಸ ಡಬ್ಬ ಮಾಡಿ ಮುಚ್ಚಿದೆ, ಆರಿತು. ಯಾಕ ಆರಿತು ಹೇಳ್ರಿ ಅಂದ್ರ ಎಲ್ಲಾ ಗಪ್ಪ. ರಾಬಿಯಾ ಅಂತ, ಮೂರನೇ ಇಯತ್ತೆದಾಕಿ, ಮನ್ಯಾಗ ಉರ್ದು ಮಾತಾಡಾಕಿ, ಎದ್ದ ನಿಂತು ಉರ್ದುದಾಗ ಏನೋ ಹೇಳಾಕ ಹತ್ತಿದ್ಲು. 'ಏ, ಕನ್ನಡದಾಗ ಹೇಳ!' ಅಂತ ಗದರಿಸಿದೆ. ಕುಂತ್ಲು. ಮುಂದ ಬಾಯೇ ಬಿಡಲಿಲ್ಲ. ಈಕಿನ್ನ ಈ ವರ್ಷ ನಪಾಸ ಮಾಡೂದ ಅಂತ ಅವರ ಅಜ್ಜಗ ಹೇಳಿ ಕಳಿಸಿದೆ.

ಬಂದ್ರು ಅಜ್ಜಾರು, ಇಮಾಮಸಾಬ ಅಂತ. ಹಗೇವ ತಗಿಯೂದ ಅವರ ಕೆಲಸ. ನೀವು ಎಲ್ಲಿ ನೋಡೀರಿ, ನೆಲದಾಗ ಬಾವಿ ಹಂಗ ತೋಡಿ ಜ್ವಾಳ ತುಂಬಿ ಮುಚ್ಚಿಡತಿದ್ರು, ಬೇಕಾದಾಗ ಬಾಯಿ ತಗದು ಜ್ವಾಳ ಮ್ಯಾಲ ತಗೀತಿದ್ರು. 'ಅಕ್ಕಾರ, ಆಕಿ ಹೇಳಿದ್ದ ತಿಳೀತೇನ್ರಿ?' ಅಂದ್ರು. ನನಗೆಲ್ಲಿ ತಿಳಿಬೇಕು, ಉರ್ದು ಬರತಿದ್ದಿಲ್ಲ. 'ನಾಳೆ ಗೌಡರ ಹಗೇವ ತಗೀತೇನ್ರಿ. ಹುಡುಗ್ರನ್ನ ಕರಕೊಂಡ ಬರ್ರಿ. ಆಮ್ಯಾಲ ಬೇಕಾರ ನಪಾಸ ಮಾಡ್ರಿ.'

ಹೋದ್ವಿ. ಬಾಯಿ ಮ್ಯಾಲಿನ ಕಲ್ಲ ಸರಿಸಿದ್ರು. ನಾ ದೊಡ್ಡ ಶಾಣ್ಯಾಕಿ, 'ನೋಡ್ರಿ ಮಕ್ಕಳಾ' ಅನ್ಕೋತ ಮೊಣಕಾಲ ಊರಿ ಒಳಗ ತಲಿ ಹಾಕಾಕ ಹೋದೆ. ರಾಬಿಯಾ ಓಡಿ ಬಂದು ಸೆರಗ ಹಿಡದ ಜಗ್ಗಿದ್ಲು. 'ಬ್ಯಾಡ್ರಿ ಅಕ್ಕಾರ! ಮೊದಲ ಕಂದೀಲ ಬಿಡಬೇಕ್ರಿ!' ಅಜ್ಜಾರು ಕಂದೀಲಕ್ಕ ಹಗ್ಗ ಕಟ್ಟಿ ಇಳಿಬಿಟ್ರು. ಅರ್ಧಕ್ಕ ಹೋಗೂದ್ರಾಗ ಉರಿ ಸಣ್ಣ ಆತು, ಆರೇ ಹೋತು. ನಾ ಹುಡುಗ್ರನ್ನೆಲ್ಲಾ ಹಿಂದಕ್ಕ ಸರಿಸಿ ನಿಂದ್ರಿಸಿದೆ. ಆ ಹುಡುಗಿ ಅರ್ಧ ಉರ್ದು, ಅರ್ಧ ಕನ್ನಡ ಮಾಡಿ ಎಲ್ಲಾರಿಗೂ ಹೇಳಿದ್ಲು: ಒಳಗಿನ ಚಲೋ ಗಾಳಿನೆಲ್ಲಾ ಜ್ವಾಳ ತಿಂದಾವು, ದೀಪಕ್ಕೂ ಉಳಿದಿಲ್ಲ, ಮನಷ್ಯಾಗೂ ಉಳಿದಿಲ್ಲ, ಗ್ಲಾಸಿನಾಗ ಬತ್ತಿ ತಿಂದಿತ್ತಲ್ಲ, ಹಂಗ. ಆಕಿ ಅವತ್ತ ಸಾಲ್ಯಾಗ ಉರ್ದುದಾಗ ಹೇಳಿದ್ದೂ ಅದನ್ನ!

ನಾಚಿಕಿ ಆತು. ಖುಷಿನೂ ಆತು, ಸುಳ್ಳ ಯಾಕ ಹೇಳ್ಲಿ. ಪಾಸ ಮಾಡಿದೆ. ಮುಂದ ಯಾವ ಪಾಠ ಇರಲಿ, 'ನಿಮ್ಮ ಮನ್ಯಾಗ ಇದನ್ನ ಹೆಂಗ ಮಾಡತಾರ? ನಿಮ್ಮ ಮಾತಿನಾಗ ಹೇಳ್ರಿ' ಅಂತಿದ್ದೆ. ಆಮ್ಯಾಲ ಬಾಯಿ ಮುಚ್ಚಸೂದ ಕಷ್ಟ ಆತು ನೋಡು! ನೀನೂ ಹುಡುಗ್ರಿಗೆ ದಡ್ಡ ಅನ್ನೂಕಿಂತ ಮೊದಲ ಒಂದ ಸಲ ಅವರ ಮನಿಗೆ ಹೋಗಿ ಚಾ ಕುಡದ ಬಾ.