ಬರುವವರ ಚಾಪೆ

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ. ಮೊದಲಿಗೆ ಅದು ಊರೂ ಅಲ್ಲ ನೋಡಿ. ಒಂದು ರೈಲು ನಿಲ್ದಾಣ, ನಾಲ್ಕು ಗುಡಿಸಲು, ನಡುವೆ ಹಂಚಿನ ಮಾಡಿನ ಪುಟ್ಟ ಚರ್ಚು. ಅಲ್ಲಿ ಬೆಂಚುಗಳಿರಲಿಲ್ಲ. ಪ್ರತಿ ಮನೆಯವರೂ ತಮ್ಮ ಚಾಪೆ ತಾವೇ ಹೊತ್ತು ತರುತ್ತಿದ್ದರು. ಜೊತೆಗೆ ಇನ್ನೊಂದು ಚಾಪೆ. ಯಾರಿಗೆ? ಬರುವವರಿಗೆ. ಯಾರು ಬರುತ್ತಾರೆಂದು ಯಾರಿಗೂ ಗೊತ್ತಿರಲಿಲ್ಲ. ಆದರೂ ತರುತ್ತಿದ್ದರು.

ಆಮೇಲೆ ಹತ್ತಿ ಗಿರಣಿ ಬಂತು. ಊರು ಬೆಳೆಯಿತು. ಶ್ರೀಮಂತನೂ ಊರಿನ ಜೊತೆಗೇ ಬೆಳೆದ. ಚರ್ಚಿಗೆ ಸಾಗವಾನಿ ಬೆಂಚುಗಳನ್ನು ಮಾಡಿಸಿಕೊಟ್ಟ. ತಪ್ಪೇನು? ಭಕ್ತಿಯಿಂದಲೇ ಕೊಟ್ಟ. ಆದರೆ ಒಂದೊಂದು ಬೆಂಚು ಒಂದೊಂದು ಮನೆತನದ್ದಾಯಿತು. ಚಾಪೆಗಳು ಅಟ್ಟ ಸೇರಿದವು. ಅವನ ಮುದಿ ತಾಯಿ ಮಾತ್ರ ಪ್ರತಿ ಭಾನುವಾರ ಚಾಪೆಯ ಸುರುಳಿಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಹೊರಡುವಳು.

“ಯವ್ವಾ, ಕಾರಿನ್ಯಾಗ ಚಾಪಿ ಯಾಕ? ಸಂತಿಗೆ ಹೊಂಟೀವೇನು?”

“ನಿನ್ನ ಬೆಂಚ್ ತುಂಬಿದ ಮ್ಯಾಗ ಬಂದಾವ್ರು ಎಲ್ಲಿ ಕುಂದ್ರಬೇಕೋ? ನಿನ್ನ ತಲಿ ಮ್ಯಾಗ?”

ಒಂದು ಭಾನುವಾರ ತಾಯಿಗೆ ಜ್ವರ. ಹೆಂಡತಿ ಮಕ್ಕಳೊಡನೆ ಚರ್ಚಿಗೆ ಹೋದವನು, ತಾಯಿಯ ಜಾಗವನ್ನು ಯಾರೂ ಹಿಡಿಯಬಾರದೆಂದು ಅವಳ ಶಾಲನ್ನು ಅಲ್ಲಿ ಮಡಿಸಿಟ್ಟ. ಅಷ್ಟರಲ್ಲಿ ಗಿರಣಿಯ ಕೆಲಸಕ್ಕೆ ಹೊಸದಾಗಿ ಬಂದಿದ್ದ ಹೆಣ್ಣುಮಗಳೊಬ್ಬಳು ಕೂಸನ್ನೆತ್ತಿಕೊಂಡು ಒಳಗೆ ಬಂದಳು. ಅತ್ತಿತ್ತ ನೋಡಿದಳು. ಶಾಲನ್ನು ಮೆಲ್ಲಗೆ ಸರಿಸಿ ಕುಳಿತಳು.

“ಇದು ನಮ್ಮವ್ವನ ಜಾಗ, ತಂಗಿ,” ಅಂದ. ಗದರಲಿಲ್ಲ ನೋಡಿ. ಮೆತ್ತಗೇ ಅಂದ.

“ತಪ್ಪಾತ್ರಿ ಅಣ್ಣಾರ,” ಎಂದು ಎದ್ದಳು. ಒಂದೆರಡು ಬೆಂಚುಗಳ ಪಕ್ಕದಲ್ಲಿ ನಿಂತು ನೋಡಿದಳು. ಯಾರೂ ಸರಿಯಲಿಲ್ಲ. ಮೊದಲ ಹಾಡು ಮುಗಿಯುವ ಹೊತ್ತಿಗೆ ಅವಳಿರಲಿಲ್ಲ.

ಮನೆಗೆ ಬಂದಾಗ ತಾಯಿ ಹಾಸಿಗೆಯಿಂದಲೇ ಕೇಳಿದಳು: “ಯಾರರ ಹೊಸಬ್ರು ಬಂದಿದ್ರೇನಪಾ?”

ಅವನು ನಡೆದದ್ದನ್ನು ಹೇಳಿದ. ಮುದುಕಿ ಮೂಲೆಯಲ್ಲಿದ್ದ ಚಾಪೆಯ ಸುರುಳಿಯತ್ತ ಕೈ ತೋರಿದಳು.

“ನಿಮ್ಮಪ್ಪ ಸತ್ತ ವರ್ಷ ನಿನ್ನ ಬಗಲಾಗ ಎತ್ಕೊಂಡು ನಾನೂ ಹಂಗ ಬಂದಿದ್ದೆ. ಈ ಚಾಪಿ ನಮ್ದಲ್ಲೋ. ಅವತ್ತು ನಮಗ ಹಾಸಿದವ್ರು ಹೊಳ್ಳಿ ಕೇಳ್ಲಿಲ್ಲ. ಬರೋರಿಗೆ ಇಟ್ಕೋ ಅಂದ್ರು. … ಆಕಿ ಹೆಸರೇನಂತ?”

ಹೆಸರು? ಅವನು ಕೇಳಿರಲಿಲ್ಲ. ಆ ಸಂಜೆ ಗಿರಣಿಯ ಚಾಳುಗಳನ್ನೆಲ್ಲ ಸುತ್ತಿದ. “ಯಾರ್ ಬೇಕ್ರಿ ಸಾವ್ಕಾರ್ರ?” ಎಂದು ಜನ ವಿಚಾರಿಸಿದರು. “ಕೂಸಿನ ತಾಯಿ,” ಅಂದ. “ಇಲ್ಲಿ ಮನಿಗೊಂದು ಕೂಸೈತ್ರಿ,” ಅಂದರು. ಊರು ಅಷ್ಟು ಬೆಳೆದಿತ್ತು. ಅವಳು ಸಿಗಲಿಲ್ಲ.

ಮುಂದಿನ ಭಾನುವಾರ ಅವನೇ ಚಾಪೆ ಹೊತ್ತು ತಂದ. ಬಾಗಿಲ ಬಳಿ ಹಾಸಿ, ತಾನು ಅದರ ಅಂಚಿನಲ್ಲಿ ಕುಳಿತ. ಬೇರೆ ಯಾರ್ಯಾರೋ ಬಂದರು, ಕುಳಿತರು. ಅವಳು ಬರಲಿಲ್ಲ.

ಈಗ ನಮ್ಮ ಮಾತಿಗೆ ಬರೋಣ. ನಮ್ಮ ಊರೂ ಬೆಳೆದಿದೆಯಲ್ಲವೇ? ಈ ಚರ್ಚಿನ ಬೆಂಚಿನಲ್ಲಿ ನಿಮ್ಮ ಪಕ್ಕದಲ್ಲಿ ಈಗ ಏನಿದೆ, ನೋಡಿ. ಕೈಚೀಲವೇ? ಎತ್ತಿ ತೊಡೆಯ ಮೇಲಿಟ್ಟುಕೊಳ್ಳಿ. ಕಡೆಯ ಹಾಡು ಮುಗಿಯುವ ಮೊದಲೇ ಗೇಟಿನತ್ತ ಓಡಬೇಡಿ. ಹೊಸ ಮುಖ ಕಂಡರೆ ಹೆಸರು ಕೇಳಿ, ಮನೆಗೆ ಊಟಕ್ಕೆ ಕರೆಯಿರಿ. ಸಾರು ಸಾಲದಿದ್ದರೆ ಒಂದು ಲೋಟ ನೀರು ಬೆರೆಸಿ. ಒಂದು ದಿನ ದೇವರು ನಮ್ಮನ್ನೂ ಕೇಳುತ್ತಾನೆ: ನಿನ್ನ ಪಕ್ಕ ಕೂರಲು ಬಂದವಳ ಹೆಸರೇನು? ಕೇಳಲಿಲ್ಲ ಸ್ವಾಮಿ ಎಂದು ಅವತ್ತು ತಲೆ ತಗ್ಗಿಸಬೇಡಿ. ಇವತ್ತೇ ಕೇಳಿಕೊಂಡು ಹೋಗಿ.