ದಿನಾ ಜೋಳ ಚೆಲ್ಲುವ ಜಾಗ

ಅಕ್ಕಿಆಲೂರು ಬಸ್ ನಿಲ್ದಾಣದಲ್ಲಿ ಬಸ್ಸಿಗೆ ಕಾಯುತ್ತಿದ್ದ ಸಮತಾಳ ಪಕ್ಕ ಕೂತಿದ್ದ ಮುದುಕಿಯ ಚೀಲದಿಂದ ನವಿಲುಗರಿಗಳು ಇಣುಕುತ್ತಿದ್ದವು. ಮುದುಕಿಯ ಊರಿನವನೊಬ್ಬ ಎದುರಿಗೆ ಬಂದು ನಿಂತ.

“ಗರಿ ಎಲ್ಲಿ ಸಿಕ್ವು, ಗುತ್ತೆವ್ವಕ್ಕ?”

“ನಿನ್ನೆ ಮುಂಜಾನಿ ಬದುವಿನ ಮ್ಯಾಲ ಹೊಂಟಿದ್ದೆ ಫಕ್ಕೀರಪ್ಪ, ರಾಶಿ ಬಿದ್ದಿದ್ವು.”

“ತಾವಾಗೇ ಉದುರಿರಬೇಕು.”

“ಉದುರಿದ ಗರಿ ಬುಡಕ್ಕ ರಕ್ತ ಹತ್ತಿರತೈತೇನು?”

“ಹಂಗಾರ ನರಿ ಹಿಡದಿರಬೇಕು.”

“ನರಿ ತಂತಿ ಉರುಲು ಕಟ್ಟತೈತೇನು? ಅದೂ ಚೀಲದಾಗ ಐತಿ. ಹಾನಗಲ್ಲಿಗೆ ಹೋಗಿ ಅರಣ್ಯದವರಿಗೆ ತೋರಸ್ತೇನಿ.”

ಫಕ್ಕೀರಪ್ಪ ಬಗ್ಗಿ ಚೀಲದೊಳಗೆ ಇಣುಕಿದ.

“ಮಂದಿ ನೆರಳು ಕಂಡ್ರ ಹಾರಿಹೋಗೂ ಪಕ್ಷಿ ಅದು. ಹೆಂಗ ಸಿಕ್ತು?”

“ದಿನಾ ನಾ ಜೋಳ ಚೆಲ್ಲೂ ಜಾಗಾದಾಗ ಉರುಲು ಕಟ್ಟ್ಯಾರ. ಹೊಲದ ಮನ್ಯಾಗ ನಾನೊಬ್ಬಾಕಿ. ಅವು ಬಂದ್ರ ನಾಕು ಮಾತಾಡ್ತಿದ್ದೆ.”

“ಇನ್ನ ಚೆಲ್ಲಬ್ಯಾಡ.”

“ಇವತ್ತ ಚೆಲ್ಲಲಿಲ್ಲ. ಉಳದ ಎರಡು ಹೆಣ್ಣು ನವಿಲು ಬಾಗಿಲ ಮುಂದ ಬಂದು ನಿಂತ್ವು. ಮನಶ್ಯಾರಿಗೆ ಅಂಜೂದು ಕಲೀಲಿ ಅಂತ ಕಲ್ಲು ಒಗದೆ.”

ಹಾನಗಲ್ಲಿನ ಬಸ್ಸು ಬಂತು. ಗುತ್ತೆವ್ವ ಚೀಲವನ್ನು ಎದೆಗೊತ್ತಿಕೊಂಡು ಎದ್ದಳು. ಫಕ್ಕೀರಪ್ಪ ಬಾಗಿಲವರೆಗೂ ಹೋದ.

“ಹೋದ್ವೇನು?”

“ಒಂದು ಹೋತು. ಇನ್ನೊಂದು ನನ್ನ ಮಾರಿ ನೋಡಕೋತ ನಿಂತಿತ್ತು,” ಎಂದಳು ಮೆಟ್ಟಿಲು ಹತ್ತುತ್ತ. “ಅದಕ್ಕ ತಾಗೂ ಹಂಗ ಒಗದೆ.”